ಹಳೆಯ ಮೈಕ್ ಸೆಟ್ಟಿನೊಳಗಿನ ಮಂದ್ರ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತೊರವಿ, ತಿಕೋಟಾ ಕಡೆಗೆ ಹೋದರೂ ಸರಿ, ಬಬಲೇಶ್ವರದತ್ತ ತಿರುಗಿದರೂ ಸರಿ, ಮದುವೆ, ಜಾತ್ರೆ, ಗಣೇಶನ ಹಬ್ಬ ಎಂದ ಕೂಡಲೇ ಊರಿನವರು ಮೊದಲು ಹೇಳಿಕಳಿಸುವುದು ಮೈಕ್ ಸೆಟ್ಟಿನವರಿಗೆ. ಹೊಸ ಸೌಂಡ್ ಸಿಸ್ಟಮ್ ಬಂದ ಮೇಲೆ ಅಂಗಡಿಯ ಹಳೆಯ ಸಾಮಾನು ಅಟ್ಟ ಸೇರುತ್ತದೆ. ಬಾಯಗಲಿಸಿದ ಅಲ್ಯುಮಿನಿಯಮ್ ಹಾರ್ನುಗಳು, ಸಪೂರ ಕಾಲಮ್ ಪೆಟ್ಟಿಗೆಗಳು, ಮೂಲೆಯಲ್ಲಿ ಇಬ್ಬರು ಹಿಡಿದು ಎತ್ತಬೇಕಾದ ಪ್ಲೈವುಡ್ ಡಬ್ಬಗಳು. ಇನ್ನೊಂದು ಕಡೆ, ರಸಮಂಜರಿ ಕಟ್ಟಿಕೊಂಡ ಹುಡುಗರ ಗುಂಪಿನಲ್ಲಿ ಬೇಸ್ ಗಿಟಾರ್ ನುಡಿಸುವವನಿಗೆ ಸ್ವಂತ ಆಂಪ್ಲಿಫೈಯರ್ ಕೊಳ್ಳುವ ಶಕ್ತಿ ಇರುವುದಿಲ್ಲ. ಅವನ ವಯರು ನೇರವಾಗಿ ಮಿಕ್ಸರಿಗೆ ಹೋಗುತ್ತದೆ. ಅಲ್ಲಿಂದ ಹೊರಗೆ ಏನು ಕೇಳಿಸುತ್ತದೋ ಅವನಿಗೇ ಗೊತ್ತಾಗುವುದಿಲ್ಲ. ಅಟ್ಟದ ಮೇಲಿನ ಆ ಸಾಮಾನು ಇವನ ಕೈಗೆ ಬಂದರೆ ಪ್ರಯೋಜನವಿದೆಯೇ? ಇದೆ, ಆದರೆ ಎಲ್ಲದರಿಂದಲೂ ಅಲ್ಲ. ಹಾರ್ನೂ ಕಾಲಮ್ಮೂ ಬೇಸ್ ಗಿಟಾರಿಗೆ ಖಂಡಿತ ಆಗಿಬರುವುದಿಲ್ಲ. ಹದಿನೈದು ಇಂಚಿನ ಕಾಗದದ ಕೋನ್ ಇರುವ ದೊಡ್ಡ ಡಬ್ಬ ಮಾತ್ರ, ತನ್ನ ಮಿತಿಯೊಳಗೆ, ಇವತ್ತಿಗೂ ಒಳ್ಳೆಯ ಕೆಲಸ ಮಾಡಬಲ್ಲದು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದನ್ನು ಪೆಟ್ಟಿಗೆಯ ಹಿಂದೆ ಬರೆದ ವ್ಯಾಟಿನಿಂದ ತಿಳಿಯಲು ಆಗದು. ಆ ಕೋನ್ ಎಷ್ಟು ಗಾಳಿಯನ್ನು ಸರಿಸುತ್ತದೆ ಎಂಬ ಲೆಕ್ಕದಿಂದ ತಿಳಿಯಬೇಕು.

ಮೊದಲು ವಾದ್ಯವನ್ನೇ ನೋಡೋಣ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಅದು ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಅದರ ಮೇಲಿನವು 55, 73, 98. ಸಾಧಾರಣ ಗಂಡಸಿನ ಮಾತಿನ ದನಿ ಸುಮಾರು 100 ಹರ್ಟ್ಸಿನ ಮೇಲೆಯೇ ಶುರುವಾಗುತ್ತದೆ. ಹಾಗಾಗಿ ಬೇಸ್ ಗಿಟಾರಿನ ನಾಲ್ಕೂ ಬಿಡಿತಂತಿಗಳು ಮಾತಿನ ಮನೆಯ ಹೊಸ್ತಿಲ ಕೆಳಗೇ ಉಳಿದುಬಿಡುತ್ತವೆ. 41 ಹರ್ಟ್ಸಿನ ಒಂದೇ ಒಂದು ಅಲೆ ಗಾಳಿಯಲ್ಲಿ ಸುಮಾರು ಎಂಟೂವರೆ ಮೀಟರ್ ಉದ್ದ ಚಾಚಿಕೊಂಡಿರುತ್ತದೆ, ಒಂದು ಲಾರಿಯಷ್ಟು. ಈ ಗಾತ್ರದ ಅಲೆಯನ್ನು ಎಬ್ಬಿಸಲು ದೊಡ್ಡ ಮೈಯೇ ಬೇಕು. ನಮ್ಮ ಭಾಗದವರಿಗೆ ಇದು ಹೊಸ ಸಂಗತಿಯಲ್ಲ. ಕರಡಿ ಮಜಲಿನ ಕರಡಿಯನ್ನು, ಡೊಳ್ಳನ್ನು ಕಟ್ಟಿದವರು ಅಳತೆಪಟ್ಟಿ ಹಿಡಿಯದೆಯೂ ಇದನ್ನು ಬಲ್ಲರು. ತಬಲಾ ಜೋಡಿಯಲ್ಲೂ ಡಗ್ಗಾಕ್ಕೆ ಬಾಯಿ ಅಗಲ, ಹೊಟ್ಟೆ ದೊಡ್ಡದು. ಮಂದ್ರ ಬೇಕೆಂದರೆ ಅಗಲವಾದ ಚರ್ಮ ಬೇಕು, ಆ ಚರ್ಮದ ಹಿಂದೆ ಗಾಳಿ ತುಂಬಿದ ಹೊಟ್ಟೆ ಬೇಕು. ಸ್ಪೀಕರಿಗೂ ಇದೇ ನಿಯಮ. ಚರ್ಮದ ಜಾಗದಲ್ಲಿ ಕಾಗದ, ಹೊಟ್ಟೆಯ ಜಾಗದಲ್ಲಿ ಮರದ ಪೆಟ್ಟಿಗೆ, ಅಷ್ಟೇ.

ಮೈಕ್ ಸೆಟ್ ನಮ್ಮಲ್ಲಿಗೆ ಬಂದದ್ದು ಸಂಗೀತಕ್ಕಾಗಿ ಅಲ್ಲ, ಭಾಷಣಕ್ಕಾಗಿ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ನಾನಿಕ್ ಮೋಟ್ವಾನೆಯವರ ಶಿಕಾಗೊ ರೇಡಿಯೊ ಕಾಂಗ್ರೆಸ್ ಸಭೆಗಳಿಗೆ ಧ್ವನಿವರ್ಧಕ ಒದಗಿಸುತ್ತಿತ್ತು. ಆಮೇಲೆ 1940ರಲ್ಲಿ ಶುರುವಾದ ಅಹುಜಾ ಹೆಸರು ಹಳ್ಳಿ ಹಳ್ಳಿಗೂ ಮುಟ್ಟಿತು. ಸಾವಿರಾರು ಜನರಿಗೆ ಒಬ್ಬರ ಮಾತು ಸ್ಪಷ್ಟವಾಗಿ ತಲುಪಬೇಕು, ಅದೂ ಕಡಿಮೆ ಕರೆಂಟಿನಲ್ಲಿ, ಕೆಲವು ಕಡೆ ಬ್ಯಾಟರಿಯ ಮೇಲೆ. ಈ ಅಗತ್ಯಕ್ಕೆ ಹಾರ್ನಿಗಿಂತ ಒಳ್ಳೆಯ ಸಾಧನವಿಲ್ಲ. ಚಿಕ್ಕ ಯೂನಿಟ್ಟಿನೊಳಗಿನ ಡಯಾಫ್ರಮ್ ಎಬ್ಬಿಸಿದ ಕಂಪನವನ್ನು ಸುರುಳಿ ಸುತ್ತಿದ ಕೊಳವೆ ಮೆಲ್ಲಗೆ ಅಗಲಿಸುತ್ತ ಹೊರಗಿನ ಗಾಳಿಗೆ ಒಪ್ಪಿಸುತ್ತದೆ. ಆದರೆ ಹಾರ್ನಿನ ಬಾಯಿಯ ಸುತ್ತಳತೆ ಎಷ್ಟೋ ಅಷ್ಟುದ್ದದ ಅಲೆಯವರೆಗೆ ಮಾತ್ರ ಈ ಒಪ್ಪಂದ ನಡೆಯುತ್ತದೆ. ಹದಿನೆಂಟು ಇಂಚು ಅಗಲದ ಬಾಯಿ ಎಂದರೆ ಸುತ್ತಳತೆ ಹತ್ತಿರ ಹತ್ತಿರ 1.4 ಮೀಟರ್. ಲೆಕ್ಕ ಹಾಕಿದರೆ ಅದು 240 ಹರ್ಟ್ಸಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಕೆಳಗಿನ ಸ್ವರ ಕೊಟ್ಟರೆ ಡಯಾಫ್ರಮ್ಮಿಗೆ ಎದುರು ತಳ್ಳಲು ಗಾಳಿಯ ಭಾರವೇ ಸಿಗದು. ಅದು ಸುಮ್ಮನೆ ಬಡಿದಾಡಿ ಹರಿಯುತ್ತದೆ. ಹಾರ್ನಿಗೆ ಬೇಸ್ ಗಿಟಾರ್ ಕೊಟ್ಟರೆ ಕೇಳುವುದು ತಂತಿಯ ಮೇಲೆ ಬೆರಳು ಉಜ್ಜುವ ಸದ್ದು, ಉಳಿಯುವುದು ಸುಟ್ಟ ಯೂನಿಟ್.

ಕಾಲಮ್ಮಿನದು ಬೇರೆ ಕಥೆ, ಫಲ ಮಾತ್ರ ಅದೇ. ಆರು ಅಥವಾ ಎಂಟು ಇಂಚಿನ ಸ್ಪೀಕರುಗಳನ್ನು ಒಂದರ ಮೇಲೊಂದು ಜೋಡಿಸಿದ ಈ ಪೆಟ್ಟಿಗೆ ದನಿಯನ್ನು ಆಕಾಶಕ್ಕೆ ಚೆಲ್ಲದೆ ಅಡ್ಡಕ್ಕೆ ಹರಡುತ್ತದೆ. ಪ್ರವಚನಕ್ಕೆ, ಕೀರ್ತನೆಗೆ ಅದು ಇಂದಿಗೂ ಸೊಗಸು. ಬೇಸಿಗೆ ಬೇಕಾದ ಗಾಳಿ ಅದರಲ್ಲಿಲ್ಲ. ಇನ್ನು ಹಳೆಯ ಸೆಟ್ಟುಗಳಲ್ಲಿ ಕಣ್ಣಿಗೆ ಬೀಳದ ಒಂದು ತೊಡಕಿದೆ, ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದೂರ ದೂರಕ್ಕೆ ವಯರು ಎಳೆಯಬೇಕಾದ ಕಡೆ 70 ಅಥವಾ 100 ವೋಲ್ಟ್ ಲೈನ್ ಬಳಸುತ್ತಿದ್ದರು. ಆಗ ಪ್ರತಿ ಸ್ಪೀಕರಿನ ಹಿಂದೆಯೂ ಮುಷ್ಟಿಗಾತ್ರದ ಒಂದು ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಅದರೊಳಗಿನ ಕಬ್ಬಿಣ ಮಾತಿನ ಅಳತೆಗೆ ಮಾಡಿದ್ದು. ಸ್ವರ ಕೆಳಗಿಳಿದಂತೆಲ್ಲ ಅದೇ ವೋಲ್ಟೇಜಿಗೆ ಕಬ್ಬಿಣದ ಮೇಲೆ ಕಾಂತದ ಹೊರೆ ಏರುತ್ತ ಹೋಗುತ್ತದೆ. 150 ಹರ್ಟ್ಸಿಗೆ ಸಾಕಾಗುವ ಕಬ್ಬಿಣಕ್ಕೆ 41 ಹರ್ಟ್ಸಿನಲ್ಲಿ ಮೂರೂವರೆ ಪಟ್ಟು ಹೊರೆ. ಅದು ತಾಳದೆ ದನಿಯನ್ನು ಹಿಸುಕುತ್ತದೆ, ಆಂಪ್ಲಿಫೈಯರಿಗೂ ಪೆಟ್ಟು ಬೀಳುತ್ತದೆ. ಹಳೆಯ ಡಬ್ಬವೊಂದು ಬೇಸಿಗೆ ಒಗ್ಗಲಿಲ್ಲ ಎನ್ನುವ ಮೊದಲು ಹಿಂದಿನ ಹಲಗೆ ಬಿಚ್ಚಿ ನೋಡಬೇಕು. ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನು ಬಿಟ್ಟು, ವಯರನ್ನು ನೇರ ಸ್ಪೀಕರಿನ ಕಡ್ಡಿಗೆ ಕೊಟ್ಟಮೇಲೆ ತೀರ್ಮಾನಿಸಬೇಕು. ಈ ನೇರ ಜೋಡಣೆಯನ್ನು ಸಾಮಾನ್ಯ 4, 8 ಅಥವಾ 16 ಓಮಿನ ಆಂಪ್ಲಿಫೈಯರಿಗಷ್ಟೇ ಮಾಡಬೇಕು, 100 ವೋಲ್ಟಿನ ಟರ್ಮಿನಲ್ಲಿಗೆ ಅಲ್ಲ.

ಈಗ ಮೂಲೆಯ ದೊಡ್ಡ ಡಬ್ಬಕ್ಕೆ ಬರೋಣ. ಆಂಪ್ಲಿಫೈಯರುಗಳು ಮೂವತ್ತು, ಐವತ್ತು ವ್ಯಾಟ್ ಇದ್ದ ಕಾಲದಲ್ಲಿ ಸ್ಪೀಕರ್ ಮಾಡುವವರಿಗೆ ಒಂದೊಂದು ವ್ಯಾಟೂ ಬೆಲೆಯುಳ್ಳದ್ದು. ಹಗುರ ಕಾಗದದ ಕೋನ್, ದೊಡ್ಡ ಮ್ಯಾಗ್ನೆಟ್, ಚಿಕ್ಕ ಕಾಯಿಲ್, ಹೀಗೆ ಕೊಟ್ಟ ಕರೆಂಟಿನಿಂದ ಆದಷ್ಟು ದನಿ ಹಿಂಡುವುದು ಅವರ ಗುರಿ. ಅಂಥ ಒಳ್ಳೆಯ ಹದಿನೈದು ಇಂಚಿನ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್‌ನಷ್ಟು ದನಿ ಕೊಡುತ್ತದೆ. ಆಳವಾದ ಬೇಸಿಗೆಂದೇ ಮಾಡಿದ, ಭಾರದ ಕೋನಿನ ಈಗಿನ ಎಷ್ಟೋ ಚಿಕ್ಕ ಪೆಟ್ಟಿಗೆಗಳು 90ರ ಆಸುಪಾಸಿನಲ್ಲಿರುತ್ತವೆ. ಏಳು ಡೆಸಿಬೆಲ್ ಅಂತರ ಎಂದರೆ ಐದು ಪಟ್ಟು ವ್ಯಾಟ್. ಹಳೆಯ ಡಬ್ಬಕ್ಕೆ 20 ವ್ಯಾಟ್ ಸಾಕಾಗುವಲ್ಲಿ ಹೊಸದಕ್ಕೆ 100 ಬೇಕು. ಹಳೆಯದರ ದೊಡ್ಡ ಗುಣ ಇದು. ಆದರೆ ಅದೇ ಗುಣದ ಬೆನ್ನಿಗೆ ದೊಡ್ಡ ಕೊರತೆಯೂ ಅಂಟಿದೆ. ಆ ಕೋನ್ ಮುಂದೆ ಹಿಂದೆ ಹೆಚ್ಚು ದೂರ ಚಲಿಸಲಾರದು. ಎರಡು ಮೂರು ಮಿಲಿಮೀಟರ್ ದಾಟಿತೋ, ಕಾಯಿಲ್ ತನ್ನ ಮ್ಯಾಗ್ನೆಟ್ಟಿನ ಹಿಡಿತದಿಂದ ಹೊರಬೀಳುತ್ತದೆ. 41 ಹರ್ಟ್ಸಿನ ಸ್ವರವನ್ನು ಬಯಲಿನಲ್ಲಿ, ನೆಲದ ಮೇಲಿಟ್ಟ ಡಬ್ಬದಿಂದ, ಒಂದು ಮೀಟರ್ ದೂರಕ್ಕೆ 100 ಡೆಸಿಬೆಲ್ ಬರುವಂತೆ ನುಡಿಸಬೇಕಾದರೆ ಹದಿನೈದು ಇಂಚಿನ ಕೋನ್ ಎರಡೂವರೆ ಮಿಲಿಮೀಟರಿಗಿಂತ ತುಸು ಹೆಚ್ಚೇ ಓಡಾಡಬೇಕು. ಅದರ ಕೈಲಾಗುವುದು ಅಲ್ಲಿಗೆ ಮುಗಿಯಿತು. ಒಂದು ಸ್ಥಾಯಿ ಮೇಲಕ್ಕೆ, 82 ಹರ್ಟ್ಸಿಗೆ ಹೋದರೆ ಅಷ್ಟೇ ದನಿಗೆ ಮುಕ್ಕಾಲು ಮಿಲಿಮೀಟರ್ ಕೂಡ ಬೇಡ. ಸ್ವರ ಅರ್ಧಕ್ಕೆ ಇಳಿದಾಗ ಓಡಾಟ ನಾಲ್ಕು ಪಟ್ಟು ಏರುತ್ತದೆ ಎಂಬ ಈ ಒಂದು ಸಂಬಂಧದಲ್ಲಿ ನಮ್ಮ ಪ್ರಶ್ನೆಯ ಉತ್ತರ ಬಹುಪಾಲು ಅಡಗಿದೆ. ಕಾಲಮ್ಮಿನ ಎಂಟು ಇಂಚಿನ ಕೋನಿಗೆ ಇದೇ ಕೆಲಸ ಹೇಳಿದರೆ ಅದು ಹತ್ತು ಮಿಲಿಮೀಟರ್ ಓಡಾಡಬೇಕಾಗುತ್ತದೆ. ಅದಕ್ಕೆ ಮೊದಲೇ ಹರಿದಿರುತ್ತದೆ.

ಹಾಗಾದರೆ ಅತಿ ಕೆಳಗಿನ ತಂತಿಯನ್ನು ಜೋರಾಗಿ ನುಡಿಸಲಾಗದ ಡಬ್ಬ ಬೇಸ್ ಗಿಟಾರಿಗೆ ಹೇಗೆ ಸರಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಕಿವಿಯಲ್ಲಿದೆ. ತಂತಿ 41ರಲ್ಲಿ ಮಾತ್ರ ಕಂಪಿಸುವುದಿಲ್ಲ. ಅದರ ಜೊತೆಗೇ 82, 123, 165 ಹರ್ಟ್ಸಿನ ಅನುಸ್ವರಗಳೂ ಏಳುತ್ತವೆ. ಎಷ್ಟೋ ಸಲ ಮೂಲಸ್ವರಕ್ಕಿಂತ ಇವೇ ಗಟ್ಟಿ. ಈ ಅನುಸ್ವರಗಳ ನಡುವಿನ ಸಮ ಅಂತರವನ್ನು ಹಿಡಿದು ಮಿದುಳು ಇಲ್ಲದ ಮೂಲಸ್ವರವನ್ನೂ ತಾನೇ ಕೂಡಿಸಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೊದಲ್ಲಿ ಹಳೆಯ ಚಿತ್ರಗೀತೆಯ ಬೇಸ್ ನಡೆ ಯಾವ ಸ್ವರದಲ್ಲಿದೆ ಎಂದು ನಮಗೆ ತಿಳಿಯುವುದು ಹೀಗೆಯೇ. ಆ ರೇಡಿಯೊ 100 ಹರ್ಟ್ಸಿನ ಕೆಳಗೆ ಏನನ್ನೂ ನುಡಿಸುವುದಿಲ್ಲ. ದುಬಾರಿ ಬೇಸ್ ಕ್ಯಾಬಿನೆಟ್ಟುಗಳೂ ಇದೇ ಗುಣವನ್ನು ನಂಬಿಕೊಂಡಿವೆ. ಆಂಪೆಗ್ ಕಂಪನಿಯ, ಹತ್ತು ಇಂಚಿನ ಎಂಟು ಸ್ಪೀಕರುಗಳ ಮುಚ್ಚು ಪೆಟ್ಟಿಗೆ 1969ರಿಂದ ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಬೇಸಿಗೆ ಮಾದರಿಯಾಗಿ ನಿಂತಿದೆ. ಅದರ ಈಚಿನ ಅವತಾರದ ಬಗ್ಗೆ ಕಂಪನಿಯೇ ಕೊಡುವ ಅಂಕಿ ನೋಡಿದರೆ 58 ಹರ್ಟ್ಸಿಗೇ ದನಿ ಇಳಿಯಲು ಶುರುವಾಗಿ, 40ಕ್ಕೆ ಬರುವಷ್ಟರಲ್ಲಿ ಹತ್ತು ಡೆಸಿಬೆಲ್ ಕುಸಿದಿರುತ್ತದೆ. ಆದರೂ ಅದರಲ್ಲಿ ಬೇಸ್ ಇಲ್ಲ ಎಂದವರಿಲ್ಲ. ಬೇಸ್ ಗಿಟಾರಿನ ಜೀವ 80ರಿಂದ 300 ಹರ್ಟ್ಸಿನ ನಡುವೆ ಇದೆ. ಅಲ್ಲಿ ನಮ್ಮ ಹಳೆಯ ಕಾಗದದ ಕೋನ್ ಸಮರ್ಥ.

ಸಭೆಗೆ ಮಾಡಿದ ಸ್ಪೀಕರಿನಲ್ಲಿ ಬೇಸ್ ನುಡಿಸುವುದು ಬಡವರ ಉಪಾಯ ಮಾತ್ರವೂ ಅಲ್ಲ. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದು, ಮರುವರ್ಷ ಅದಕ್ಕೆಂದೇ ಹದಿನೈದು ಇಂಚಿನ ಒಂದು ಸ್ಪೀಕರಿನ ಬೇಸ್‌ಮನ್ ಆಂಪ್ಲಿಫೈಯರ್ ಮಾಡಿತು. ವೇದಿಕೆಗಳು ಬೆಳೆದಾಗ ಅಂಥ ಚಿಕ್ಕ ಪೆಟ್ಟಿಗೆ ಸಾಲದಾಯಿತು. ಆಗ ಅಮೆರಿಕದ ವಾದಕರು ಸಿನಿಮಾ ಮಂದಿರಗಳಿಗೆಂದು ಆಲ್ಟೆಕ್ ಲ್ಯಾನ್ಸಿಂಗ್ ಮಾಡಿದ ಭಾರೀ ಸ್ಪೀಕರುಗಳತ್ತ, ಜೆಬಿಎಲ್ ಕಂಪನಿಯ ಹದಿನೈದು ಇಂಚಿನ ಸ್ಪೀಕರುಗಳತ್ತ ಹೋದರು. 1974ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ವೇದಿಕೆಯ ಹಿಂದೆ ಕಟ್ಟಿ ನಿಲ್ಲಿಸಿದ ‘ವಾಲ್ ಆಫ್ ಸೌಂಡ್’ನಲ್ಲಿ ಸಭೆಯ ಸ್ಪೀಕರೂ ವಾದಕನ ಸ್ಪೀಕರೂ ಬೇರೆ ಬೇರೆ ಎಂಬ ಗೆರೆಯೇ ಅಳಿಸಿಹೋಗಿತ್ತು. ಆ ತಂಡದ ಫಿಲ್ ಲೆಶ್ ಅವರ ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಬೇರೆ ಬೇರೆ ಸ್ಪೀಕರ್ ಗುಂಪುಗಳಿಗೆ ಕಳಿಸುವ ಏರ್ಪಾಡೂ ಅದರಲ್ಲಿತ್ತು. ಒಂದು ಕೋನಿನಿಂದ ಆಗದ ಗಾಳಿಯ ಕೆಲಸವನ್ನು ಹತ್ತಾರು ಕೋನುಗಳಿಗೆ ಹಂಚಿದ್ದು ಆ ಗೋಡೆಯ ಗುಟ್ಟು. ಆ ಪ್ರಮಾಣ ನಮಗೆ ಬೇಡ. ಆದರೆ ಒಂದೇ ತರದ ಎರಡು ಹಳೆಯ ಡಬ್ಬ ಸಿಕ್ಕರೆ ಪಕ್ಕಪಕ್ಕ ಇಟ್ಟು, ಧನ ಋಣ ತಪ್ಪದಂತೆ ಜೋಡಿಸುವುದಾದರೂ ಸಾಧ್ಯ. ಆಗ ಅಷ್ಟೇ ದನಿಗೆ ಪ್ರತಿ ಕೋನೂ ಅರ್ಧದಷ್ಟೇ ಓಡಾಡಿದರೆ ಸಾಕು.

ಮೈಕ್ ಸೆಟ್ಟಿನವರಿಂದ ಮೊದಲು ಬರುವ ಆಕ್ಷೇಪ ಒಂದೇ: “ಬೇಸ್ ಕೊಟ್ಟರ ಕೋನ್ ಹರೀತದ.” ಈ ಮಾತು ಸುಳ್ಳಲ್ಲ, ಅನುಭವದಿಂದ ಬಂದದ್ದು. ಆದರೆ ಹರಿಯುವುದಕ್ಕೆ ಕಾರಣ ವಾದ್ಯಕ್ಕಿಂತ ಹೆಚ್ಚಾಗಿ ಎರಡು ತಪ್ಪುಗಳು. ಮೊದಲನೆಯದು, ದನಿ ಸಾಲದು ಎಂದು ಮಿಕ್ಸರಿನ ಬೇಸ್ ನಾಬನ್ನು ಕೊನೆಯವರೆಗೆ ತಿರುಗಿಸುವುದು. ಹತ್ತು ಡೆಸಿಬೆಲ್ ಏರಿಸಿದರೆ ಕೆಳಗಿನ ಸ್ವರಗಳಿಗೆ ಹತ್ತು ಪಟ್ಟು ವ್ಯಾಟ್ ಬೇಕು, ಕೋನಿನ ಓಡಾಟ ಮೂರು ಪಟ್ಟು ದಾಟುತ್ತದೆ. ಹಳೆಯ ಡಬ್ಬಕ್ಕೆ ಆ ನಾಬ್ ನಡುವಿನಲ್ಲಿ ಅಥವಾ ಕೊಂಚ ಕೆಳಗೇ ಇರಬೇಕು. ದನಿಗೆ ತುಂಬುತನ ಬೇಕಿದ್ದರೆ 100ರಿಂದ 200 ಹರ್ಟ್ಸಿನ ಸುತ್ತ ಸ್ವಲ್ಪ ಎತ್ತಬೇಕು. ಎರಡನೆಯದು, ಡಬ್ಬದ ಮುಂಭಾಗದಲ್ಲಿರುವ ಗಾಳಿಯ ಕಿಂಡಿಯನ್ನು ಗಮನಿಸದಿರುವುದು. ಕಿಂಡಿಯಿರುವ ಪೆಟ್ಟಿಗೆ ಒಂದು ಸ್ವರದವರೆಗೆ ಕೋನನ್ನು ತಡೆದು ಹಿಡಿಯುತ್ತದೆ. ಅದರ ಕೆಳಗೆ ಗಾಳಿ ಕಿಂಡಿಯಲ್ಲಿ ಸುಮ್ಮನೆ ಒಳಹೊರಗೆ ಓಡಾಡಿ, ಕೋನ್ ಹಗ್ಗ ಬಿಚ್ಚಿದ ಕರುವಿನಂತಾಗುತ್ತದೆ. ಮಾತಿಗೆ ಮಾಡಿದ ಡಬ್ಬದಲ್ಲಿ ಆ ಮಿತಿ 60 ಹರ್ಟ್ಸಿನಷ್ಟು ಮೇಲಿರಬಹುದು. ಮಿಕ್ಸರಿನಲ್ಲಿ ‘ಲೋ ಕಟ್’ ಎಂಬ ಗುಂಡಿ ಇದ್ದರೆ ಒತ್ತಬೇಕು. ಮೂಲಸ್ವರ ಸ್ವಲ್ಪ ಸೊರಗಿದರೂ ಕೋನ್ ಉಳಿಯುತ್ತದೆ. ಕಿಂಡಿಗೆ ಹಲಗೆ ಬಿಗಿದು ಮುಚ್ಚಿಬಿಡುವುದೂ ಒಂದು ದಾರಿ. ಒಳಗೆ ಸಿಕ್ಕಿಕೊಂಡ ಗಾಳಿ ಆಗ ಸ್ಪ್ರಿಂಗಿನಂತೆ ಕೋನಿಗೆ ಕಡಿವಾಣ ಹಾಕುತ್ತದೆ.

ಡಬ್ಬ ಆರಿಸುವ ಹೊತ್ತಿನಲ್ಲಿ ಹತ್ತು ನಿಮಿಷದ ತಾಳ್ಮೆ ಬೇಕು. ಮುಂದಿನ ಜಾಲರಿ ತೆಗೆದು, ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಊರಿ, ರೊಟ್ಟಿ ತಟ್ಟುವಷ್ಟೇ ಹಗುರ ಕೈಯಿಂದ ಒಳಗೆ ಒತ್ತಬೇಕು. ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬಂದರೆ ಕಾಯಿಲ್ ನೆಟ್ಟಗಿದೆ. ಕರಕರ ಎಂದರೆ ಒಳಗೆ ಧೂಳು ಕೂತಿದೆ ಅಥವಾ ಕಾಯಿಲ್ ಕಾದು ಉಬ್ಬಿದೆ. ಮೀಟರ್ ಹಚ್ಚಿದಾಗ 8 ಓಮಿನ ಸ್ಪೀಕರ್ ಆರರ ಹತ್ತಿರ ತೋರಿಸಬೇಕು. ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಮುಂದೆ ಬರುತ್ತದೋ ಹಿಂದೆ ಸರಿಯುತ್ತದೋ ಕಾಣುತ್ತದೆ. ಎರಡು ಡಬ್ಬ ಜೋಡಿಸುವವರಿಗೆ ಈ ಪರೀಕ್ಷೆ ಬಿಟ್ಟುಬಿಡುವಂಥದ್ದಲ್ಲ. ಒಂದು ಮುಂದೆ, ಇನ್ನೊಂದು ಹಿಂದೆ ಹೋದರೆ ಎರಡರ ಮಂದ್ರವೂ ಒಂದನ್ನೊಂದು ನುಂಗಿಬಿಡುತ್ತದೆ. ಅಂಚಿನ ಪಟ್ಟಿಯನ್ನೂ ನೋಡಬೇಕು. ಎಪ್ಪತ್ತರ ದಶಕದಿಂದೀಚಿನ ಎಷ್ಟೋ ಸ್ಪೀಕರುಗಳಿಗೆ ಸ್ಪಂಜಿನ ಪಟ್ಟಿ. ಅದು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಅದಕ್ಕೂ ಹಳೆಯವುಗಳಲ್ಲಿ ಕಾಗದವನ್ನೋ ಬಟ್ಟೆಯನ್ನೋ ನಿರಿಗೆ ಹಿಡಿದು ಮಾಡಿದ ಅಂಚು. ಅದರ ಆಯುಷ್ಯ ದೊಡ್ಡದು. ಕರಾವಳಿಯ ತೇವದಲ್ಲಿ ಕಾಗದಕ್ಕೆ ಬೂಸರು ಹಿಡಿಯುವ ಭಯ ಇಲ್ಲಿ ಕಡಿಮೆ. ನಮ್ಮ ಭಾಗದ ಶತ್ರುಗಳು ಎರಿ ಮಣ್ಣಿನ ಧೂಳು ಮತ್ತು ಬಿಸಿಲು. ಒಳ್ಳೆಯ ಸ್ಪೀಕರ್ ಕೂಡ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಮೂರು ಪಾಲನ್ನು ಮಾತ್ರ ದನಿಯಾಗಿಸುತ್ತದೆ, ಉಳಿದದ್ದೆಲ್ಲ ಕಾಯಿಲಿನ ಬಿಸಿ. ತಾಮ್ರ ನೂರು ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ನೂರಕ್ಕೆ 39ರಷ್ಟು ಏರುತ್ತದೆ, ದನಿ ತಾನಾಗಿ ಕುಗ್ಗುತ್ತದೆ. ಆಗ ನಾಬ್ ಇನ್ನಷ್ಟು ತಿರುಗಿಸಿದವರ ಡಬ್ಬವೇ ಸುಡುವುದು. ವೈಶಾಖದ ಮಧ್ಯಾಹ್ನ ನಲವತ್ತು ದಾಟಿದ ಬಿಸಿಲಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕಾದ ಡಬ್ಬವನ್ನು ಸಂಜೆಯ ನೆರಳು ಬೀಳುವ ಮೊದಲು ಬೇಸಿಗೆ ಹಚ್ಚಬಾರದು.

ಇಷ್ಟೆಲ್ಲ ಏಕೆ, ಹೊಸದನ್ನೇ ಕೊಳ್ಳಬಹುದಲ್ಲ ಎಂಬುದು ಇನ್ನೊಂದು ಮಾತು. ದುಡ್ಡಿದ್ದವರು ಕೊಳ್ಳಲಿ. ಈಗಿನ ಬೇಸ್ ಆಂಪ್ಲಿಫೈಯರ್ ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರ. ಹೊಸ ಸ್ಪೀಕರಿನ ಕೋನ್ ಹಳೆಯದರ ಎರಡು ಮೂರು ಪಟ್ಟು ಓಡಾಡಿಯೂ ಹರಿಯುವುದಿಲ್ಲ. ವಾರಕ್ಕೆರಡು ಊರು ತಿರುಗುವ ತಂಡಕ್ಕೆ ಇಬ್ಬರು ಎತ್ತುವ ಡಬ್ಬ ಶಿಕ್ಷೆಯೇ. ಹಳೆಯ ಸ್ಪೀಕರಿನ ದನಿಗೆ ಏನೋ ವಿಶೇಷ ಮಾಧುರ್ಯವಿದೆ ಎಂಬ ಮಾತನ್ನೂ ಪೂರ್ತಿ ಒಪ್ಪಲಾಗದು. ಮೇಲಿನ ಸ್ವರಗಳು ಮೂರು ನಾಲ್ಕು ಸಾವಿರ ಹರ್ಟ್ಸಿನಾಚೆ ಇಳಿದುಹೋಗುವುದರಿಂದ ತಂತಿಯ ಕಿರಕಿರಿ ಮರೆಯಾಗುತ್ತದೆ, ಅದನ್ನೇ ಮಾಧುರ್ಯ ಎನ್ನುತ್ತೇವೆ. ನನ್ನ ವಾದ ನಿಂತಿರುವುದು ಬೇರೆ ಕಡೆ. ಈಗಷ್ಟೇ ಕಲಿಯುತ್ತಿರುವ ಹುಡುಗನಿಗೆ, ಹುಡುಗಿಗೆ ತಾನು ನುಡಿಸಿದ್ದು ತನ್ನ ಬೆನ್ನ ಹಿಂದಿನಿಂದ ಮೈಗೆ ತಾಗುವಂತೆ ಕೇಳಬೇಕು. ಮಿಕ್ಸರಿನೊಳಗೆ ಕಳೆದುಹೋದ ಬೇಸಿನಿಂದ ಕೈ ಪಳಗುವುದಿಲ್ಲ. ತಬಲಾದವರು ಡಗ್ಗಾದ ಘುಮಕನ್ನು ಅಂಗೈಯಲ್ಲೇ ಅರಿತು ಕಲಿಯುತ್ತಾರೆ. ಬೇಸ್ ಕಲಿಯುವವರಿಗೂ ಆ ಹಕ್ಕು ಇರಬೇಕು. ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುವ ಡಬ್ಬವೊಂದು ಅದನ್ನು ಕೊಡಬಲ್ಲದಾದರೆ ಒಂದು ಸಂಜೆಯ ರಿಪೇರಿ ದೊಡ್ಡ ಶ್ರಮವಲ್ಲ.

ಡಿಜೆಯ ಎದೆ ನಡುಗಿಸುವ ಸದ್ದಿಗೆ ಒಗ್ಗಿದ ಜನರಿಗೆ ಈ ಡಬ್ಬ ಸಪ್ಪೆ ಅನಿಸುವುದಿಲ್ಲವೇ? ಅನಿಸಬಹುದು. ಆದರೆ ಡಿಜೆಯ ಹದಿನೆಂಟು ಇಂಚಿನ ಡಬ್ಬಗಳಿಗೂ ಬೇಸ್ ಗಿಟಾರಿಗೂ ಕೆಲಸ ಬೇರೆ. ಅಲ್ಲಿ ಬೇಕಾದದ್ದು ಬಡಿತ, ಇಲ್ಲಿ ಬೇಕಾದದ್ದು ಸ್ವರದ ನಡೆ. ಹಾಡುಗಾರರ ದನಿಯ ಕೆಳಗೆ ಷಡ್ಜ ಎಲ್ಲಿದೆ, ಪಂಚಮಕ್ಕೆ ಯಾವಾಗ ದಾಟಿತು ಎಂದು ಕೇಳುಗರ ಕಿವಿಗೆ ನೆಲ ತೋರಿಸುವುದು ಬೇಸ್. ಇನ್ನು ಸದ್ದಿನ ಜೋರಿಗೆ ಕಾನೂನಿನ ಗೆರೆಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ. ಈ ಅಳತೆಯ ಮೀಟರ್ ಮನುಷ್ಯನ ಕಿವಿಯನ್ನು ಅನುಕರಿಸಿ 40 ಹರ್ಟ್ಸಿನ ಸದ್ದಿನಿಂದ ಸುಮಾರು 35 ಡೆಸಿಬೆಲ್ ಕಳೆದು ತೋರಿಸುತ್ತದೆ. ಹಾಗಾಗಿ ಮೀಟರಿನಲ್ಲಿ ಕಾಣದ ಮಂದ್ರವೂ ಗೋಡೆ ದಾಟಿ ಹೋಗಿ ಬಾಣಂತಿಯ ನಿದ್ದೆ ಕೆಡಿಸಬಲ್ಲದು. ಅತಿ ಕೆಳಗಿನದನ್ನು ಅಬ್ಬರಿಸಲಾಗದ ಹಳೆಯ ಡಬ್ಬ ಊರ ನಡುವಿನ ಕಾರ್ಯಕ್ರಮಕ್ಕೆ ಈ ಕಾರಣಕ್ಕೂ ಒಳ್ಳೆಯದೇ.

ಇನ್ನು ಉಳಿದದ್ದು ಡಬ್ಬವನ್ನು ಎಲ್ಲಿಡಬೇಕು ಎಂಬ ಮಾತು. ತೊರವಿಯ ನೆಲದಲ್ಲಿ ದನಿಗೆ ಜಾಗ ಕಟ್ಟಿದ ಹಳೆಯ ನೆನಪೊಂದಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ, ‘ಕಿತಾಬ್-ಎ-ನೌರಸ್’ ಬರೆದ ಸಂಗೀತಪ್ರೇಮಿ ಸುಲ್ತಾನ, 1599ರಲ್ಲಿ ಇಲ್ಲಿಯೇ ನೌರಸಪುರ ಎಂಬ ನಗರ ಕಟ್ಟಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಎತ್ತರದ ಕಮಾನು ಇನ್ನೂ ನಿಂತಿದೆ. ಗಗನ ಮಹಲನ್ನು ಹೋಲುವ ಆ ಕಟ್ಟಡದಲ್ಲಿ ವಾದಕರ ಬೆನ್ನಿಗೆ ಕಲ್ಲಿನ ಗೋಡೆ ಇದ್ದಿರಬೇಕು. ಮಂದ್ರಕ್ಕೆ ಗೋಡೆ ದೊಡ್ಡ ಆಸರೆ. ಬಯಲಿನಲ್ಲಿ ನೆಲದ ಮೇಲಿಟ್ಟ ಡಬ್ಬವನ್ನು ಗಟ್ಟಿ ಗೋಡೆಗೆ ತಾಗಿಸಿಟ್ಟರೆ ಕೆಳಗಿನ ಸ್ವರಗಳಿಗೆ ಆರು ಡೆಸಿಬೆಲ್‌ವರೆಗೂ ಪುಕ್ಕಟೆಯಾಗಿ ಸಿಗುತ್ತದೆ. ನಾಲ್ಕು ಪಟ್ಟು ವ್ಯಾಟ್ ಕೊಟ್ಟಷ್ಟು ಲಾಭ, ಕೋನಿಗೆ ಒಂದು ಕೂದಲೆಳೆಯ ಹೆಚ್ಚು ಶ್ರಮವಿಲ್ಲ. ಅದೇ ಗೋಡೆಯಿಂದ ಒಂದು ಮೀಟರ್ ಮುಂದಿಟ್ಟರೆ ಹಿಂದೆ ಹೋಗಿ ತಿರುಗಿ ಬಂದ ಅಲೆ 86 ಹರ್ಟ್ಸಿನ ಸುತ್ತಲಿನ ದನಿಯನ್ನು ಅಳಿಸಿಹಾಕುತ್ತದೆ. ಬೇಸ್ ಗಿಟಾರಿನ ಜೀವ ಇರುವುದು ಸರಿಯಾಗಿ ಅಲ್ಲಿಯೇ. ಆದ್ದರಿಂದ ತೊರವಿಯಲ್ಲಾಗಲಿ ಬಬಲೇಶ್ವರದಲ್ಲಾಗಲಿ ವೇದಿಕೆ ಶಾಲೆಯ ಗೋಡೆಗೋ ಗುಡಿಯ ಪೌಳಿಗೋ ಹತ್ತಿರವಿದ್ದರೆ ಡಬ್ಬವನ್ನು ಟ್ರಾಲಿಯ ಟೊಳ್ಳು ಹಲಗೆಯಿಂದ ಇಳಿಸಿ, ಬೆನ್ನು ಗೋಡೆಗೆ ಹತ್ತುವಂತೆ ನೆಲಕ್ಕೆ ಇಡಬೇಕು. ಹಾರ್ನು ಎಂದಿನಂತೆ ಬೇವಿನ ಮರದ ಮೇಲೇ ಇರಲಿ, ಕಳೆದುಹೋದ ಮಕ್ಕಳ ಹೆಸರು ಕೂಗಲು ಅದಕ್ಕಿಂತ ಒಳ್ಳೆಯದಿಲ್ಲ. ಆಮೇಲೆ ಒಬ್ಬರು ಇಪ್ಪತ್ತು ಹೆಜ್ಜೆ ದೂರ ನಿಂತು ಕೇಳುತ್ತಿರಲಿ, ಇನ್ನೊಬ್ಬರು ಕೆಳಗಿನ ತಂತಿಯನ್ನು ಒಂದೇ ಸಮನೆ ಮೀಟುತ್ತ ದನಿ ಏರಿಸಲಿ. ಸ್ವರದ ಜೊತೆ ಫಟ್ ಎಂಬ ಸದ್ದು ಮೊದಲ ಸಲ ಕೇಳಿದ ಕೂಡಲೇ ನಾಬನ್ನು ಎರಡು ಗೆರೆ ಹಿಂದಕ್ಕೆ ತಂದು, ಅಲ್ಲಿಗೆ ಒಂದು ತುಂಡು ಟೇಪ್ ಅಂಟಿಸಬೇಕು.